ಖಾಲಿ ಬಸ್ಸಿನ ಲೆಕ್ಕ

“ನಿಮ್ಮೂರ ರೂಟಲ್ಲಿ ಡೀಸೆಲ್ ದುಡ್ಡೂ ಹುಟ್ಟಲ್ಲ ಕಣ್ರೀ,” ಎನ್ನುತ್ತಾರೆ ಡಿಪೋ ಸಾಹೇಬರು. “ನಾಲ್ಕು ಟ್ರಿಪ್ಪಿದ್ದಾಗ ಹುಟ್ತಿತ್ತಲ್ಲ ಸಾರ್? ಈಗಿರೋ ಒಂದೂ ಕಾಲೇಜು ಬೆಲ್ ಹೊಡೆದ ಮೇಲೆ ಬರುತ್ತೆ,” ಎನ್ನುತ್ತಾರೆ ಊರವರು. ಕಲೆಕ್ಷನ್ ಇಳಿಯಿತೆಂದು ಟ್ರಿಪ್ ಕಡಿತ, ಟ್ರಿಪ್ ಇಲ್ಲವೆಂದು ಮನೆಮನೆಗೂ ಬೈಕ್ ಸಾಲ, ಬೈಕ್ ಬಂತೆಂದು ಕಲೆಕ್ಷನ್ ಇನ್ನಷ್ಟು ಇಳಿತ: ಜನ ಬಸ್ಸು ಬಿಟ್ಟರೆನ್ನುವುದಕ್ಕಿಂತ ಬಸ್ಸೇ ಮೊದಲು ಜನರನ್ನು ಬಿಟ್ಟಿತೆನ್ನುವುದು ನ್ಯಾಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ನಿಜ. ಬಾರದ ಬಸ್ಸಿನಲ್ಲಿ ಗಂಡಸರಿಗೂ ಉಚಿತವೇ!

“ಹಾಗಾದ್ರೆ ನಷ್ಟ ಹೊರೋರು ಯಾರು?” ಪ್ರಶ್ನೆ ಸರಿ, ಲೆಕ್ಕ ಅರ್ಧ. ಹಳ್ಳಿ ಬಸ್ಸಿಳಿದವನೇ ತಾಲ್ಲೂಕಿನಲ್ಲಿ ಬೆಂಗಳೂರು ಬಸ್ಸು ಹತ್ತುತ್ತಾನೆ. ಆ ಟಿಕೆಟ್ಟು ಇನ್ನೊಂದು ರೂಟಿನ ಲಾಭಕ್ಕೆ ಜಮೆ.

“ಚಿಕ್ಕ ಬಸ್ಸಾದ್ರೂ ಕೊಡಿ ಸಾರ್.”

“ಸಮೀಕ್ಷೆ ಆಗ್ಬೇಕು. ನಮ್ಮೋರು ಬರೋಕೆ ನಿಮ್ಮೂರಿಗೆ ಹೊತ್ತಿಗೆ ಸರಿಯಾಗಿ ಬಸ್ಸೆಲ್ಲಿದೆ?”