ಏಳಕ್ಷರದ ಊರು, ಇಪ್ಪತ್ಮೂರು ಕಿಲೋದ ತವರು

ಹೊರನಾಡ ಕನ್ನಡ ಕುಟುಂಬದ ಲಾಂಛನಗಳನ್ನು ಆರಿಸುವುದು ಅಭಿಮಾನ ಎಂದು ರಾಜ್ಯೋತ್ಸವದ ಭಾಷಣಕಾರರು ಹೇಳುತ್ತಾರೆ. ಅಮೆರಿಕದ ಮಟ್ಟಿಗಾದರೂ ಆರಿಸುವುದು ಅಳತೆ ಮತ್ತು ತೂಕ. ಆ ರಾಜ್ಯೋತ್ಸವವೂ ನವೆಂಬರ್ 1ಕ್ಕೆ ನಡೆಯುವುದಿಲ್ಲ, ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರ ನಡೆಯುತ್ತದೆ.

ಎಲ್ಲರ ಕಣ್ಣಿಗೂ ಬೀಳುವ ಲಾಂಛನ ಕಾರಿನ ನಂಬರ್ ಪ್ಲೇಟು. ವರ್ಷವರ್ಷವೂ ಹೆಚ್ಚುವರಿ ಶುಲ್ಕ ಕಟ್ಟಿದರೆ ಅದರ ಮೇಲೆ ಊರಿನ ಹೆಸರು ಬರೆಸಿಕೊಳ್ಳಬಹುದು. ಆದರೆ ಕ್ಯಾಲಿಫೋರ್ನಿಯಾದ ಪ್ಲೇಟಿನಲ್ಲಿ ಹಿಡಿಸುವುದು ಏಳೇ ಇಂಗ್ಲಿಷ್ ಅಕ್ಷರ. ಧಾರವಾಡ ಸರಿಯಾಗಿ ಏಳು. ಧಾರವಾಡದವರು ಇದನ್ನು ತಮ್ಮ ಸಾಹಿತ್ಯ ಪರಂಪರೆಯ ಮುಂದುವರಿಕೆ ಎಂದೇ ಭಾವಿಸುತ್ತಾರೆ. ಉಡುಪಿ, ಮಂಡ್ಯ, ಹಾಸನಗಳಿಗೆ ಜಾಗ ಮಿಗುತ್ತದೆ. 2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿದಾಗ ಕ್ಯಾಲಿಫೋರ್ನಿಯಾದ ಕಾರುಗಳನ್ನು ಯಾರೂ ನೆನೆದಂತಿಲ್ಲ. ಮೈಸೂರು ಪಾರಾಯಿತು, ಹಳೆಯದೂ ಆರು, ಹೊಸದೂ ಆರು. ಮೈಸೂರಿನವರ ಅದೃಷ್ಟವೇ ಹಾಗೆ. ಬಳ್ಳಾರಿ ಏಳರಲ್ಲೇ ನಿಂತಿತು. ಮೊದಲು ಏಳಿದ್ದ ಶಿವಮೊಗ್ಗ ಮತ್ತು ವಿಜಯಪುರ ಹತ್ತಕ್ಕೆ ಹೋದವು, ಬೆಳಗಾವಿ ಎಂಟಾಯಿತು. ಐದರಲ್ಲಿ ಹಾಯಾಗಿದ್ದ ಹುಬ್ಬಳ್ಳಿಯೂ ಎಂಟಕ್ಕೆ ಏರಿ, ತನ್ನ ಅವಳಿ ನಗರ ಧಾರವಾಡದ ಎದುರು ತಲೆ ತಗ್ಗಿಸಬೇಕಾಯಿತು. ಬೆಂಗಳೂರು ಆಗಲೂ ಒಂಬತ್ತು, ಈಗಲೂ ಒಂಬತ್ತು. ಹಿಡಿಸದ ಊರಿನವರು ಸ್ವರಗಳನ್ನೆಲ್ಲ ಕಿತ್ತು ವ್ಯಂಜನಗಳನ್ನಷ್ಟೇ ಉಳಿಸುತ್ತಾರೆ. ನೆರೆಮನೆಯವರು ಅದನ್ನು ಯಾವುದೋ ಮಾತ್ರೆಯ ಹೆಸರೆಂದು ತಿಳಿಯುತ್ತಾರೆ. ಗಂಡ ಶಿವಮೊಗ್ಗದವನು, ಹೆಂಡತಿ ಧಾರವಾಡದವಳಾದರೆ ಪ್ಲೇಟು ಹೆಂಡತಿಯ ತವರಿನ ಪಾಲು. ಇದು ಕೇವಲ ಅಕ್ಷರಗಳ ಸಮಸ್ಯೆಯೆಂದು ಗಂಡ ಬಂದವರಿಗೆಲ್ಲ ವಿವರಿಸುತ್ತಾನೆ.

ಮನೆಯೊಳಗಿನ ಲಾಂಛನಗಳನ್ನು ನಿರ್ಧರಿಸುವುದು ವಿಮಾನದ ಪೆಟ್ಟಿಗೆ. ಒಂದಕ್ಕೆ ಸಾಮಾನ್ಯವಾಗಿ 23 ಕಿಲೋ ಮಿತಿ. ಹೀಗಾಗಿ ಅಜ್ಜಿಯ ಒರಳುಕಲ್ಲು ಊರಲ್ಲೇ ಉಳಿದು, ಈಳಿಗೆಮಣೆ ಪ್ರಯಾಣ ಬೆಳೆಸಿತು. ಅಲ್ಲಿ ನೆಲದ ಮೇಲೆ ಕೂರುವವರಿಲ್ಲ, ತುರಿದ ಕಾಯಿ ಫ್ರೀಜರಿನಲ್ಲಿ ಸಿಗುತ್ತದೆ. ಆದ್ದರಿಂದ ಈಳಿಗೆಮಣೆ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಪ್ರತಿಷ್ಠಾಪನೆಗೊಳ್ಳುತ್ತದೆ. ಹಟ ಹಿಡಿದು ಊರಿಂದ ಹೊತ್ತು ತಂದ ಗ್ರೈಂಡರ್ ಗ್ಯಾರೇಜು ಸೇರುತ್ತದೆ, ಏಕೆಂದರೆ ಅದಕ್ಕೆ ಬೇಕಾದ್ದು 230 ವೋಲ್ಟ್, ಅಲ್ಲಿನ ಗೋಡೆ ಕೊಡುವುದು 120. ಮೈಸೂರು ಸ್ಯಾಂಡಲ್ ಸೋಪಿನ ಕಥೆ ಬೇರೆ. ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಈ ಸೋಪಿನ ಗುರುತು ಶರಭ: ಆನೆಯ ತಲೆ, ಸಿಂಹದ ಮೈ. ಇದರ ಜಾಗ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ. ಇದರಿಂದ ಸ್ನಾನ ಮಾಡಿದ ಅಳಿಯನ ವಿಷಯ ಮನೆಯಲ್ಲಿ ಬಹುಕಾಲ ಚರ್ಚೆಯಾಗುತ್ತದೆ.

ಕುಟುಂಬದ ಮೌಲ್ಯಗಳನ್ನು ನಿಜವಾಗಿ ಅಳೆಯುವುದು ಮಾತ್ರ ಕರಿಬೇವಿನ ಕುಂಡ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಅದು ಒಳಗೆ ಬಂದು, ಬಿಸಿಲು ಬೀಳುವ ಒಂದೇ ಕಿಟಕಿಯನ್ನು ಆಕ್ರಮಿಸುತ್ತದೆ. ಓದುವ ಮಗನ ಮೇಜು ಪಕ್ಕಕ್ಕೆ ಸರಿಯುತ್ತದೆ. ಪರಿಚಯದವರು ಕೇಳಿದರೆ ನಾಲ್ಕು ಎಲೆ, ಸ್ನೇಹಿತರಿಗೆ ಒಂದು ಎಸಳು. ಸಸಿ ಕೊಟ್ಟರೆ ಬೀಗತನದ ಮಾತು ನಡೆದಿದೆ ಎಂದೇ ಅರ್ಥ. ಈ ಬಿಗುಮಾನಕ್ಕೆ ಕಾರಣವೂ ಉಂಟು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಆ ಹಣ್ಣುಗಳ ತೋಟಗಳಿಗೆ ಮಾರಕ ರೋಗ ಹರಡುವ ಸಿಲಿಡ್ ಎಂಬ ಪುಟ್ಟ ಕೀಟ ಇದರ ಮೇಲೂ ಬದುಕುತ್ತದೆ. ಹಾಗಾಗಿ ಹಸಿ ಎಲೆಯನ್ನು ಪೆಟ್ಟಿಗೆಯಲ್ಲಿ ಒಯ್ಯಲು ಅಮೆರಿಕ ಬಿಡುವುದಿಲ್ಲ.

ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಸೀರೆಯ ಮಡಿಕೆಯಲ್ಲಿ ಕರಿಬೇವು ಬಚ್ಚಿಡುವ ಸಾಹಸ ಬಿಡುವುದು ಒಳ್ಳೆಯದು. ಸೋಪು ಎಷ್ಟಾದರೂ ಒಯ್ಯಿರಿ, 23 ಕಿಲೋ ಮೀರದಿದ್ದರೆ ಸಾಕು.