ಪ್ವಾರೋ ಸರಣಿ: ಅಭಿಪ್ರಾಯ ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಅಗಾಥಾ ಕ್ರಿಸ್ಟಿಯವರ ಹರ್ಕ್ಯೂಲ್ ಪ್ವಾರೋ ಎಂಬ ಪತ್ತೇದಾರನ ಸರಣಿಯ ಬಗ್ಗೆ ನೀವೂ ಒಂದು ಅಭಿಪ್ರಾಯ ಇಟ್ಟುಕೊಳ್ಳಲು ನಿರ್ಧರಿಸಿದ್ದೀರಿ. ಕೈಪಿಡಿಯನ್ನು ಪೂರ್ತಿ ಓದಿದ ಮೇಲಷ್ಟೇ ಅಭಿಪ್ರಾಯವನ್ನು ಚಾಲೂ ಮಾಡಿ. ಓದದೆ ಚಾಲೂ ಮಾಡುವವರೇ ಹೆಚ್ಚು ಎಂಬುದು ನಮಗೆ ಗೊತ್ತಿದೆ. ಮಿಕ್ಸಿ ಜೊತೆ ಬಂದ ಪುಸ್ತಿಕೆಯನ್ನು ಮನೆಯಲ್ಲಿ ಯಾರು ತಾನೆ ಓದಿದ್ದಾರೆ?

1. ಪೆಟ್ಟಿಗೆಯಲ್ಲಿ ಏನೇನಿದೆ

ಕಾದಂಬರಿಗಳು 33. ಸಣ್ಣಕಥೆಗಳು 50ಕ್ಕೂ ಹೆಚ್ಚು. ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’, 1920. ಕೊನೆಯದು ‘ಕರ್ಟನ್’, 1975. ಮೊಟ್ಟೆಯಾಕಾರದ ತಲೆ ಒಂದು, ಹುರಿಮಾಡಿದ ಮೀಸೆ ಒಂದು ಜೊತೆ, ಪೇಟೆಂಟ್ ಲೆದರ್ ಬೂಟು ಒಂದು ಜೊತೆ. ಪ್ವಾರೋನ ಗೆಳೆಯ ಕ್ಯಾಪ್ಟನ್ ಹೇಸ್ಟಿಂಗ್ಸ್ ಎಂಬ ಬಿಡಿಭಾಗ ಎಲ್ಲ ಪೆಟ್ಟಿಗೆಗಳಲ್ಲೂ ಸಿಗುವುದಿಲ್ಲ. ಆತ ಮದುವೆಯಾಗಿ ಅರ್ಜೆಂಟೀನಾಕ್ಕೆ ಹೋಗಿದ್ದು, ಬೇಕಾದಾಗ ಮಾತ್ರ ಬಂದು ಹೋಗುತ್ತಾನೆ.

ಗಮನಿಸಿ: ಪ್ವಾರೋ ಮೊದಲ ಪುಸ್ತಕದಲ್ಲೇ ಬೆಲ್ಜಿಯಂ ಪೊಲೀಸ್ ಸೇವೆಯಿಂದ ನಿವೃತ್ತನಾದವನು. ಆಮೇಲೆ ಸೋರೆ ಜಾತಿಯ ತರಕಾರಿ ಬೆಳೆಯಲು ಹಳ್ಳಿ ಸೇರಿ ಇನ್ನೊಮ್ಮೆ ನಿವೃತ್ತನಾಗುತ್ತಾನೆ. ಹಾಗೆ ನೋಡಿದರೆ 1975ಕ್ಕೆ ಅವನ ವಯಸ್ಸು ನೂರು ದಾಟಬೇಕು. ಇದು ತಯಾರಿಕಾ ದೋಷ. ಆರಂಭದಲ್ಲೇ ಅವನನ್ನು ಮುದುಕನನ್ನಾಗಿಸಿದ್ದು ತಪ್ಪಾಯಿತೆಂದು ಲೇಖಕಿಯೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಬದಲಿ ಕೊಡಲಾಗುವುದಿಲ್ಲ.

2. ಅಳವಡಿಸುವ ವಿಧಾನ

ನೀವು ಮೊದಲು ಓದಿದ ಪುಸ್ತಕವೇ ನಿಮ್ಮ ಅಭಿಪ್ರಾಯದ ತಳಪಾಯವಾಗುತ್ತದೆ. ಆದ್ದರಿಂದ ಜೋಪಾನ.

‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ (1926) ಓದಿ ಶುರು ಮಾಡಿದವರು, ಪ್ರತಿ ಪುಸ್ತಕವೂ ತಮ್ಮನ್ನು ಅಷ್ಟೇ ಚೆನ್ನಾಗಿ ಬೇಸ್ತು ಬೀಳಿಸಬೇಕೆಂದು ಕಾಯುತ್ತ ಕೂರುತ್ತಾರೆ. ‘ದಿ ಬಿಗ್ ಫೋರ್’ (1927) ಓದಿ ಶುರು ಮಾಡಿದವರು ಇದು ಜಗತ್ತನ್ನು ಆಳಹೊರಟ ಖೂಳರ ಕಥೆ, ಪತ್ತೇದಾರಿಯಲ್ಲ ಎಂದು ದೂರುತ್ತಾರೆ. ಹಳೆಯ ಸಣ್ಣಕಥೆಗಳನ್ನು ಜೋಡಿಸಿ ಹೊಲಿದ ಕಾದಂಬರಿ ಅದು. ಕ್ರಿಸ್ಟಿಯವರ ತಾಯಿಯ ಸಾವು, ಒಡೆಯುತ್ತಿದ್ದ ಸಂಸಾರ, ಇವೆರಡರ ನಡುವೆ ಹೊರಬಂದದ್ದು. ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ (1972) ಮೊದಲು ಸಿಕ್ಕಿದವರು, ಇಷ್ಟೊಂದು ಹೆಸರು ಮಾಡಿದ ಸರಣಿ ಇದೇನಾ ಎಂದು ಹುಬ್ಬೇರಿಸುತ್ತಾರೆ. ಒಂದೇ ಸರಣಿ, ಮೂವರು ಓದುಗರು, ಮೂರು ತೀರ್ಪು. ಯಾರೂ ಸುಳ್ಳು ಹೇಳುತ್ತಿಲ್ಲ.

ಇದು ಇಂಗ್ಲೆಂಡಿಗಷ್ಟೇ ಸೇರಿದ ಮಾತಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗೆ ಮಡಗಿ ಓದಿದ ತಲೆಮಾರನ್ನು ಕೇಳಿ ನೋಡಿ. ಅವರ ಅಭಿಪ್ರಾಯದಲ್ಲಿ ಪುಸ್ತಕ ಎಷ್ಟು, ಹದಿನಾಲ್ಕರ ವಯಸ್ಸು ಎಷ್ಟು ಎಂದು ಬಿಡಿಸಿ ಹೇಳುವುದು ಪುರುಷೋತ್ತಮನಿಗೂ ಕಷ್ಟ.

3. ಲಭ್ಯವಿರುವ ಮಾದರಿಗಳು

ಅ. ‘ಎಲ್ಲ ಒಂದೇ ಥರ’ ಮಾದರಿ: ಹೊರಗಿನವರು ಬರಲಾಗದ ಜಾಗ, ಒಂದು ಹೆಣ, ಎಲ್ಲರ ಬಳಿಯೂ ಒಂದೊಂದು ಗುಟ್ಟು, ಕೊನೆಗೆ ಎಲ್ಲರನ್ನೂ ಕೂರಿಸಿ ಪ್ವಾರೋನ ಪ್ರವಚನ. ಇದೇ ಈ ಮಾದರಿಯ ದೂರು.

ಆ. ‘ಅದಕ್ಕೇ ಇಷ್ಟ’ ಮಾದರಿ: ಹೊರಗಿನವರು ಬರಲಾಗದ ಜಾಗ, ಒಂದು ಹೆಣ, ಎಲ್ಲರ ಬಳಿಯೂ ಒಂದೊಂದು ಗುಟ್ಟು, ಕೊನೆಗೆ ಪ್ವಾರೋನ ಪ್ರವಚನ. ಇದೇ ಈ ಮಾದರಿಯ ಹೊಗಳಿಕೆ. ಯಂತ್ರ ಒಂದೇ. ಹೊರಗಿನ ಬಣ್ಣ ಬೇರೆ.

ಇ. ‘ಮೋಸ ಮಾಡಿದಳು’ ಮಾದರಿ: 1926ರಲ್ಲಿ ಬಿಡುಗಡೆಯಾಯಿತು, ಇಂದಿಗೂ ಚಾಲ್ತಿಯಲ್ಲಿದೆ. ಅಕ್ರಾಯ್ಡ್ ಕೊನೆ ನ್ಯಾಯವೇ ಅಲ್ಲ ಎಂದು ಸಿಡಿಮಿಡಿಗೊಂಡವರಿಗೆ ಸಮಕಾಲೀನ ಲೇಖಕಿ ಡೊರೊತಿ ಸೇಯರ್ಸ್ ಕೊಟ್ಟ ಉತ್ತರ ಸರಳ: ಎಲ್ಲರನ್ನೂ ಶಂಕಿಸುವುದು ಓದುಗನ ಕೆಲಸ. 1934ರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಇದೇ ಮಾದರಿಗೆ ಇನ್ನೊಬ್ಬ ಗಿರಾಕಿಯನ್ನು ಒದಗಿಸಿತು. ಅಂಥ ಪರಿಹಾರವನ್ನು ಅರೆಬುದ್ಧಿಯವರು ಮಾತ್ರ ಊಹಿಸಿಯಾರು ಎಂದು ಅಮೆರಿಕದ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ 1944ರಲ್ಲಿ ಕುಟುಕಿದ.

ಈ. ‘ಇದೆಲ್ಲ ಓದುವುದೇ ದಂಡ’ ಮಾದರಿ: ವಿಮರ್ಶಕ ಎಡ್ಮಂಡ್ ವಿಲ್ಸನ್ ಬಳಸಿದ್ದು. 1944ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪತ್ತೇದಾರಿ ಕಥೆಗಳನ್ನು ಝಾಡಿಸಿದ. ಓದುಗರು ರೊಚ್ಚಿಗೆದ್ದು ಪತ್ರ ಬರೆದರು. 1945ರಲ್ಲಿ, ಅಕ್ರಾಯ್ಡನನ್ನು ಕೊಂದವರು ಯಾರಾದರೇನು ಎಂಬರ್ಥದ ತಲೆಬರಹ ಕೊಟ್ಟು ಇನ್ನೊಮ್ಮೆ ಝಾಡಿಸಿದ. ಮೊದಲ ಲೇಖನಕ್ಕಾಗಿ ಅವನು ಓದಿದ ಕ್ರಿಸ್ಟಿ ಪುಸ್ತಕ ಪ್ರಾಚೀನ ಈಜಿಪ್ಟಿನ ಕಥೆ. ಅದರಲ್ಲಿ ಪ್ವಾರೋನ ಸುಳಿವೇ ಇಲ್ಲ. ಈ ಮಾದರಿಗೆ ಇಂಧನ ತೀರ ಕಡಿಮೆ ಸಾಕು.

ಉ. ‘ಇವನಿಂದ ಸಾಕಾಗಿದೆ’ ಮಾದರಿ: ಸ್ವತಃ ಕ್ರಿಸ್ಟಿಯವರದು. ‘ದಿ ಹಾಲೋ’ (1946) ಕಾದಂಬರಿಯನ್ನು ಪ್ವಾರೋನೇ ಬಂದು ಕೆಡಿಸಿದ ಎಂದು ಅವರಿಗೆ ಅನಿಸಿತ್ತು. 1951ರಲ್ಲಿ ಅದನ್ನು ನಾಟಕ ಮಾಡಿದಾಗ ಅವನನ್ನು ಕಿತ್ತೇ ಹಾಕಿದರು. ಕಾದಂಬರಿಗಳಲ್ಲಿ ಅರಿಯಡ್ನಿ ಆಲಿವರ್ ಎಂಬ ಲೇಖಕಿಯನ್ನು ತಂದು, ಆಕೆ ತಾನೇ ಸೃಷ್ಟಿಸಿದ ಫಿನ್ಲೆಂಡಿನ ಪತ್ತೇದಾರನಿಗೆ ಹಿಡಿಶಾಪ ಹಾಕುವಂತೆ ಮಾಡಿದರು. ಆದರೂ ಓದುಗರು ಬಯಸಿದ ತನಕ ಅಂಗಡಿ ಮುಚ್ಚಲಿಲ್ಲ.

4. ಎಚ್ಚರಿಕೆ

ಕೊಲೆಗಾರನ ಹೆಸರನ್ನು ಮಕ್ಕಳ ಕೈಗೂ ಅಳಿಯಂದಿರ ಕಿವಿಗೂ ನಿಲುಕದಂತೆ ಇಡಿ. “ಕೊನೆ ಹೇಳಲ್ಲ, ಆದರೆ ಡಾಕ್ಟರ್ ಮೇಲೆ ಒಂದು ಕಣ್ಣಿಡಿ” ಎನ್ನುವುದು ಕೊನೆ ಹೇಳಿದಂತೆಯೇ. “ನನಗೆ ಮೂರನೇ ಅಧ್ಯಾಯದಲ್ಲೇ ಗೊತ್ತಾಗಿತ್ತು” ಎಂಬ ವಾಕ್ಯವನ್ನು ವರ್ಷಕ್ಕೊಮ್ಮೆ ಮಾತ್ರ ಬಳಸಿ, ಅದೂ ಮೂರನೇ ಅಧ್ಯಾಯದಲ್ಲಿ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟಿದ್ದರೆ.

5. ದೋಷ ಪತ್ತೆ ಮತ್ತು ಪರಿಹಾರ

ದೋಷ: ಪ್ವಾರೋನ ಜಂಬ ತಡೆಯಲಾಗುತ್ತಿಲ್ಲ.
ಪರಿಹಾರ: ಹೇಸ್ಟಿಂಗ್ಸ್ ಇರುವ ಪುಸ್ತಕ ಹಾಕಿ ನೋಡಿ. ಪಕ್ಕದಲ್ಲೊಬ್ಬ ಪೆಚ್ಚ ಇದ್ದರೆ ಜಂಬ ಹಾಸ್ಯವಾಗುತ್ತದೆ.

ದೋಷ: ಇತ್ತೀಚಿನವು ಸಪ್ಪೆ.
ಪರಿಹಾರ: ‘ಇತ್ತೀಚಿನವು’ ಎಂದರೆ ಯಾವುವು ಎಂದು ಪರೀಕ್ಷಿಸಿ. ಎಂಬತ್ತು ದಾಟಿದ ಮೇಲೆ ಬರೆದ ‘ಎಲಿಫೆಂಟ್ಸ್’ನಲ್ಲಿ ವಯಸ್ಸು, ವರ್ಷಗಳ ಲೆಕ್ಕ ತಪ್ಪುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಕ್ರಿಸ್ಟಿ ಕಾದಂಬರಿಗಳ ಭಾಷೆಯನ್ನು ಅಳೆದು, ಆ ಹೊತ್ತಿಗೆ ಪದಸಂಪತ್ತು ಎದ್ದು ಕಾಣುವಷ್ಟು ಇಳಿದಿತ್ತು ಎಂದರು. ಮರೆವಿನ ಕಾಯಿಲೆ ಇದ್ದಿರಬಹುದೆಂದು ಶಂಕಿಸಿದರು. ಆದರೆ ಕೊನೆಗೆ ಬಂದ ‘ಕರ್ಟನ್’ ಈ ಸಾಲಿಗೆ ಸೇರದು. ಅದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಬೀಗ ಹಾಕಿ ಇಟ್ಟಿದ್ದರು.

ದೋಷ: ಸರಣಿ ಮುಗಿದದ್ದಕ್ಕೆ ದುಃಖ.
ಪರಿಹಾರ: ನೀವೊಬ್ಬರೇ ಅಲ್ಲ. 1975ರ ಆಗಸ್ಟ್ 6ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಪ್ವಾರೋನ ಮರಣವಾರ್ತೆಯನ್ನು ಮುಖಪುಟದಲ್ಲೇ ಅಚ್ಚು ಹಾಕಿತು. ಸಾಲದಿದ್ದರೆ 2014ರಿಂದ ಸೋಫಿ ಹನ್ನಾ ಬರೆಯುತ್ತಿರುವ ಹೊಸ ಪ್ವಾರೋ ಕಾದಂಬರಿಗಳಿವೆ. ಅವುಗಳ ಬಗೆಗಿನ ಜಗಳಕ್ಕೆ ಬೇರೆ ಕೈಪಿಡಿ ಬೇಕು.

6. ಸ್ವಯಂ ಪರೀಕ್ಷೆ

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

ಮೊದಲ ಪುಸ್ತಕ ‘ಸ್ಟೈಲ್ಸ್’ನ ಒಂದು ಪುಟಕ್ಕೆ ಬನ್ನಿ. ಪ್ವಾರೋಗೆ ಯಾವ ವಸ್ತುವೂ ಸೊಟ್ಟಗಿರುವಂತಿಲ್ಲ. ಅಗ್ಗಿಷ್ಟಿಕೆಯ ಮೇಲಿನ ಅಲಂಕಾರದ ಸಾಮಾನುಗಳನ್ನು ಅವನು ಸಾಲಾಗಿ ನೆಟ್ಟಗೆ ಇಡುತ್ತಾನೆ. ಓದುಗ ‘ಇವನ ಹುಚ್ಚು ಶುರುವಾಯಿತು’ ಎಂದು ಪುಟ ತಿರುವುತ್ತಾನೆ. ಬಹಳ ಹೊತ್ತಿನ ಮೇಲೆ, ಆವತ್ತು ಸಾಮಾನು ಜೋಡಿಸುವಾಗ ನಿನ್ನ ಕೈ ನಡುಗುತ್ತಿತ್ತು ಎಂದು ಹೇಸ್ಟಿಂಗ್ಸ್ ಸುಮ್ಮನೆ ಒಂದು ಮಾತು ಹೇಳುತ್ತಾನೆ. ಪ್ವಾರೋ ಹುಚ್ಚು ಹಿಡಿದವನಂತೆ ಮನೆಯಿಂದ ಹೊರಗೆ ಓಡುತ್ತಾನೆ. ಅವನಿಗೆ ಹೊಳೆದದ್ದಿಷ್ಟು: ಅವೇ ಸಾಮಾನುಗಳನ್ನು ಅದಕ್ಕೂ ಮೊದಲೇ ಒಮ್ಮೆ ನೆಟ್ಟಗೆ ಇಟ್ಟಿದ್ದೆ. ಮತ್ತೆ ನೆಟ್ಟಗೆ ಮಾಡಬೇಕಾಗಿ ಬಂತೆಂದರೆ, ನಡುವೆ ಯಾರದೋ ಕೈ ಅಲ್ಲಿ ಆಡಿದೆ. ಕೇಸಿನ ಬೀಗ ತೆರೆಯುವುದು ಅಲ್ಲಿ. ಮುಂದಿನದನ್ನು ಹೇಳುವುದಿಲ್ಲ, ನಾಲ್ಕನೇ ಭಾಗ ನೋಡಿ.

ಇನ್ನು 1969ರ ‘ಹ್ಯಾಲೋವೀನ್ ಪಾರ್ಟಿ’ಗೆ ಬನ್ನಿ. ಪ್ವಾರೋ ಹಳ್ಳಿಯ ಏರುದಾರಿಯಲ್ಲೂ ಬಿಗಿಯಾದ ಪೇಟೆಂಟ್ ಲೆದರ್ ಬೂಟು ಹಾಕಿಕೊಂಡು ಕಾಲು ನೋಯಿಸಿಕೊಳ್ಳುತ್ತಾನೆ. ಕೇಸಿಗೂ ಆ ನೋವಿಗೂ ಸಂಬಂಧವಿಲ್ಲ. ಅಚ್ಚುಕಟ್ಟಿನ ಖಯಾಲಿ ಮೊದಲ ಪುಸ್ತಕದಲ್ಲಿ ಸಾಕ್ಷಿಯಾಗಿತ್ತು. ಇಲ್ಲಿ ಗುರುತಿನ ಚೀಟಿಯಾಗಿ ಉಳಿದಿದೆ.

ಪರೀಕ್ಷೆ ಇಷ್ಟೇ. ‘ಅದೇ ಮೀಸೆ, ಅದೇ ಖಯಾಲಿ’ ಎಂದು ಬೇಸರ ಬಂದಾಗ, ಆ ಖಯಾಲಿ ಈ ಪುಸ್ತಕದಲ್ಲಿ ಏನಾದರೂ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಮಾಡುತ್ತಿದ್ದರೆ ಪುನರಾವರ್ತನೆ ಎಂಬ ದೂರು ನಿಲ್ಲದು. ಸುಮ್ಮನೆ ಹಾಜರಿ ಹಾಕಿ ಹೋಗುತ್ತಿದ್ದರೆ ನಿಮ್ಮ ಬೇಸರ ನ್ಯಾಯವಾದದ್ದು. ಅಭಿಮಾನಿಗಳು ಎಷ್ಟೇ ಕಣ್ಣು ಕೆಂಪು ಮಾಡಲಿ, ಹಿಂದೆ ಸರಿಯಬೇಡಿ.

7. ಗ್ಯಾರಂಟಿ

ಇಡೀ ಸರಣಿಗೆ ಒಂದೇ ತೀರ್ಪು ಕೊಟ್ಟರೆ ಗ್ಯಾರಂಟಿ ರದ್ದು. 55 ವರ್ಷಗಳಲ್ಲಿ ಬಂದ 33 ಕಾದಂಬರಿಗಳನ್ನು ಚೆನ್ನಾಗಿವೆ, ಚೆನ್ನಾಗಿಲ್ಲ ಎಂಬ ಎರಡೇ ಡಬ್ಬಿಗಳಿಗೆ ತುಂಬಲಾಗದು. ಚೆನ್ನಾಗಿರುವುದನ್ನು ಹೆಸರು ಹಿಡಿದು ಹೇಳಿ, ಸೊರಗಿದ್ದನ್ನೂ ಹೆಸರು ಹಿಡಿದೇ ಹೇಳಿ. ಇನ್ನೂ ಒಂದನ್ನೂ ಓದದವರು ‘ಫೈವ್ ಲಿಟಲ್ ಪಿಗ್ಸ್’ ತೆಗೆದುಕೊಳ್ಳಿ. ಹದಿನಾರು ವರ್ಷ ಹಳೆಯ ಕೊಲೆ, ಐದು ಜನ ಹೇಳುವ ಐದು ನೆನಪು. ಒಂದೇ ಘಟನೆಯ ಬಗ್ಗೆ ಐವರು ಯಾಕೆ ಬೇರೆಬೇರೆ ಅಭಿಪ್ರಾಯ ಹೇಳುತ್ತಾರೆ ಎಂಬುದನ್ನು ಪ್ವಾರೋ ಅಲ್ಲಿ ಈ ಕೈಪಿಡಿಗಿಂತ ಚೆನ್ನಾಗಿ ತೋರಿಸಿದ್ದಾನೆ.