ಸ್ವಿಸ್ ಬೋಗಿಗೆ ಪೆರಂಬೂರು ದೀಕ್ಷೆ

ಹೊಸ ವಸ್ತುವನ್ನು ದುಡ್ಡು ಕೊಟ್ಟು ತಂದು, ಗರಗಸ ಹಾಕಿ ಕೊಯ್ದು, ಮತ್ತೆ ಅಂಟಿಸಿ, ಮೇಲೆ ಕೊಳೆ ಬಳಿದು ಹಳೆಯದು ಮಾಡುವ ಕಸುಬಿಗೆ ನಮ್ಮ ಮನೆಯಲ್ಲಿ ಒಂದು ಹೆಸರಿದೆ. ಅದನ್ನು ಅಚ್ಚು ಹಾಕಿಸುವ ಹಾಗಿಲ್ಲ. ಹೊರಗಿನವರು ಕೇಳಿದರೆ ‘ಮಾಡೆಲ್ ರೈಲು’ ಎನ್ನುತ್ತೇನೆ. ಅವರು ತಕ್ಷಣ, ಮೊಮ್ಮಗನಿಗೆ ಈಗ ಎಷ್ಟು ವಯಸ್ಸು ಎಂದು ವಿಚಾರಿಸುತ್ತಾರೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. 1960ರ ದಶಕದ ಒಂದು ಮೂರನೇ ದರ್ಜೆಯ ಬೋಗಿ. ಕೆಂಗಂದು ಮೈ, ಕಿಟಕಿಗೆ ಅಡ್ಡ ಸರಳು, ಒಳಗೆ ಮರದ ಹಲಗೆ. ನಮ್ಮಪ್ಪನ ಕಾಲದವರು ಹೋಲ್ಡಾಲು, ಹೂಜಿ, ಸಂಸಾರ ಸಮೇತ ನುಗ್ಗಿ ಜಾಗ ಹಿಡಿಯುತ್ತಿದ್ದರಲ್ಲ, ಅದು. ಅದನ್ನು ಎಚ್‌ಓ ಅಳತೆಗೆ, ಅಂದರೆ ನಿಜದ 87ರಲ್ಲಿ ಒಂದು ಪಾಲಿಗೆ ಇಳಿಸಬೇಕು. ನನ್ನ ಕೈಗೆಟುಕುವ ಅಂಗಡಿಗಳಲ್ಲಿ ಜರ್ಮನಿಯ ಬೋಗಿಗಳುಂಟು, ಅಮೆರಿಕದವು ಉಂಟು; ನಮ್ಮ ಮೂರನೇ ದರ್ಜೆ ಮಾತ್ರ ಇಲ್ಲ. ಸಿಗದಿದ್ದನ್ನು ಸಿಕ್ಕಿದ್ದರಲ್ಲೇ ಕೊಯ್ದು ತೆಗೆಯಬೇಕು.

ಯಾವುದನ್ನು ಕೊಯ್ಯುವುದು ಎನ್ನುವುದಕ್ಕೆ ಚರಿತ್ರೆಯೇ ದಾರಿ ತೋರಿಸಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1949ರಲ್ಲಿ, ಭಾರತ ಸರ್ಕಾರ ಉಕ್ಕಿನ ಬೋಗಿ ಕಟ್ಟುವ ವಿದ್ಯೆಗಾಗಿ ಸ್ವಿಟ್ಜರ್ಲೆಂಡಿನ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಜ್ಯೂರಿಕ್ ಪಕ್ಕದ ಶ್ಲೀರೆನ್ ಎಂಬ ಊರಿನ ಆ ಕಂಪನಿ ರೈಲು ಬೋಗಿಯ ಜೊತೆಗೆ ಕಟ್ಟಡಗಳ ಲಿಫ್ಟನ್ನೂ ಮಾಡುತ್ತಿತ್ತು. ಮನುಷ್ಯರನ್ನು ಡಬ್ಬಿಯಲ್ಲಿ ತುಂಬಿ ಅಡ್ಡಡ್ಡ ಕಳಿಸುವುದೂ ಗೊತ್ತು, ನೆಟ್ಟಗೆ ಕಳಿಸುವುದೂ ಗೊತ್ತು. 1955ರ ಅಕ್ಟೋಬರ್ 2ರಂದು ಮದರಾಸಿನ ಪೆರಂಬೂರಿನಲ್ಲಿ ನೆಹರೂ ಕೈಯಿಂದ ಕಾರ್ಖಾನೆ ಉದ್ಘಾಟನೆಯಾಯಿತು. ಅದೇ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ, ಐಸಿಎಫ್. ಆಮೇಲೆ ಅರವತ್ತು ವರ್ಷಕ್ಕೂ ಮೇಲೆ ದೇಶದ ಮದುವೆ ದಿಬ್ಬಣ, ಪರೀಕ್ಷೆ, ತೀರ್ಥಯಾತ್ರೆ, ವರ್ಗಾವಣೆಗಳೆಲ್ಲ ಓಡಾಡಿದ್ದು ಬಹುಪಾಲು ಆ ಸ್ವಿಸ್ ಮೂಲದ ಚಿಪ್ಪಿನಲ್ಲೇ. 

ಹಾಗಿದ್ದ ಮೇಲೆ ಸ್ವಿಸ್ ಬೋಗಿಯನ್ನೇ ತಂದು ಕೊಯ್ದರಾಯಿತು! ಅಲ್ಲಿ 1937ರಿಂದ ಓಡಿದ ಹಗುರ ಉಕ್ಕಿನ ಬೋಗಿಗಳಿವೆ. ಅವುಗಳ ಎಚ್‌ಓ ಪ್ರತಿರೂಪಗಳು ಹಳೆ ಸಾಮಾನು ಮಾರುವವರ ಬಳಿ ಸಿಗುತ್ತವೆ. ಹಸಿರು ಬಣ್ಣ, ಹೊಳೆಯುವ ಗಾಜು, ಮುಟ್ಟಿದರೆ ಕೊಳೆಯಾಗುವಷ್ಟು ಚೆಂದ. ಇಂಥದ್ದನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ ಗರಗಸ ಹಿಡಿದಾಗ ಮನೆಯವಳು ಒಲೆ ಆರಿಸಿ ಬಂದು ನಿಂತಳು. “ಇದು ಓಡುತ್ತಾ?” ಎಂದಳು. ಓಡುತ್ತದೆ ಎಂದೆ. “ಮತ್ಯಾಕೆ?” ಎಂದಳು. ಈ ಪ್ರಶ್ನೆಗೆ ಯಾವ ದೇಶದ ಹವ್ಯಾಸಿಯ ಬಳಿಯೂ ಉತ್ತರವಿದ್ದಂತಿಲ್ಲ.

ಉದ್ದದಲ್ಲಿ ತಕರಾರು ಹೆಚ್ಚಿಲ್ಲ. ತಕರಾರಿರುವುದು ಬಾಗಿಲಲ್ಲಿ. ಸ್ವಿಸ್ಸರ ಈ ಬೋಗಿಗೆ ಬಾಗಿಲುಗಳು ತುದಿಯಲ್ಲಿಲ್ಲ, ಒಳಕ್ಕೆ ಸರಿದಿವೆ. ನಮಗೆ ಅವು ತುದಿಗೇ ಬೇಕು. ಆದ್ದರಿಂದ ಒಂದೊಂದು ಪಕ್ಕವನ್ನೂ ಐದು ತುಂಡು ಮಾಡಿ, ಬಾಗಿಲ ತುಂಡುಗಳನ್ನು ಆಚೀಚೆ ತುದಿಗೆ ಒಯ್ದು, ಉಳಿದ ಮೂರನ್ನು ನಡುವೆ ಸಾಲಾಗಿ ಜೋಡಿಸಬೇಕು. ಹೇಳುವುದಕ್ಕೆ ಸುಲಭ. ಗರಗಸದ ಹಲ್ಲು ತಿನ್ನುವ ಅರ್ಧ ಮಿಲಿಮೀಟರು ನಮ್ಮ ಅಳತೆಯಲ್ಲಿ ನಾಲ್ಕು ಸೆಂಟಿಮೀಟರಿಗೂ ಮೇಲಾಯಿತು. ನಾಲ್ಕಾರು ಕಡೆ ಕೊಯ್ದರೆ ಅರ್ಧ ಪ್ರಯಾಣಿಕನ ಜಾಗವೇ ಪುಡಿಯಾಗಿ ನೆಲಕ್ಕೆ ಬಿತ್ತು ಎಂದು ಲೆಕ್ಕ. ಹಾಗಾಗಿ ಗೆರೆಯ ಮೇಲೆ ಕೊಯ್ಯಬಾರದು. ಗೆರೆಯಾಚೆ ಕೊಯ್ದು, ಅರದಿಂದ ಉಜ್ಜುತ್ತ ಗೆರೆಗೆ ಬರಬೇಕು. ಬೆಸುಗೆಗೆ ಗೋಂದು ಸಾಲದು. ಪ್ಲಾಸ್ಟಿಕ್ಕನ್ನೇ ಚೂರು ಕರಗಿಸಿ ಒಂದಕ್ಕೊಂದು ಕಚ್ಚಿಸುವ ದ್ರವ ಬೇಕು, ಹಿಂದುಗಡೆ ತೇಪೆಗೆ ಪಟ್ಟಿ ಬೇಕು, ಮೇಲೆ ಪುಟ್ಟಿ, ಮೇಲೆ ನೀರು ಹಚ್ಚಿ ಮರಳು ಕಾಗದ. ಇಷ್ಟಾದ ಮೇಲೂ ಬೂದು ಪ್ರೈಮರ್ ಹೊಡೆದ ಕೂಡಲೇ ಮುಚ್ಚಿದ ಗಾಯಗಳೆಲ್ಲ ಒಂದೊಂದಾಗಿ ಎದ್ದು ಸಾಕ್ಷಿ ಹೇಳುತ್ತವೆ.

ಇನ್ನು ಅಗಲ. ನಮ್ಮ ಬ್ರಾಡ್‌ಗೇಜ್ ಹಳಿಯ ನಡುವಿನ ಅಂತರ 1676 ಮಿಲಿಮೀಟರ್, ಯುರೋಪಿನದು 1435. ಐಸಿಎಫ್ ಬೋಗಿಯ ಅಗಲ 3.245 ಮೀಟರ್, ಎಚ್‌ಓ ಲೆಕ್ಕದಲ್ಲಿ ಮೂವತ್ತೇಳು ಮಿಲಿಮೀಟರ್ ಚಿಲ್ಲರೆ. ಸ್ವಿಸ್ ಬೋಗಿ ಅದಕ್ಕಿಂತ ಮೂರು–ನಾಲ್ಕು ಮಿಲಿಮೀಟರ್ ತೆಳು. ಚಾವಣಿಯನ್ನೂ ನೆಲವನ್ನೂ ಉದ್ದಕ್ಕೆ ಸೀಳಿ ನಡುವೆ ಪಟ್ಟಿ ಕೂರಿಸಿ ದಪ್ಪ ಮಾಡಬೇಕು. ಹಳಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಲೆಕ್ಕದ ಪ್ರಕಾರ ಹತ್ತೊಂಬತ್ತೂಕಾಲು ಮಿಲಿಮೀಟರ್ ಇರಬೇಕಾದಲ್ಲಿ ಹದಿನಾರೂವರೆ ಇದೆ. ಇದ್ದುಕೊಳ್ಳಲಿ. ಕಟ್ಟಾ ನಿಷ್ಠರು ಹಳಿಯನ್ನೂ ಕೈಯಾರೆ ಹಾಕುತ್ತಾರಂತೆ. ಅವರ ಮನೆಗಳಲ್ಲಿ ಮೇಜು ಹೆಚ್ಚಿರಬೇಕು.

ಕಿಟಕಿಯ ಕಥೆ ಬೇರೆ. ಆಲ್ಪ್ಸ್ ನೋಡಲಿಕ್ಕೆಂದು ಸ್ವಿಸ್ಸರು ಕಿಟಕಿಯನ್ನು ಧಾರಾಳವಾಗಿ ಬಿಟ್ಟಿದ್ದಾರೆ. ನಮ್ಮದಕ್ಕೆ ಗಾಜಿನ ಕದ, ಸೀಳುಪಟ್ಟಿಯ ಕದ, ಹೊರಗೆ ಅಡ್ಡ ಸರಳು. ಇಷ್ಟೆಲ್ಲ ದಾಟಿ ಉಳಿದ ಸಂದಿಯಲ್ಲಿ ಘಾಟಿ ಕಂಡರೆ ಕಾಣಲಿ. ಕಿಟಕಿಗಳನ್ನು ಕಿರಿದು ಮಾಡಿದ್ದಾಯಿತು. ಸರಳಿಗೇನು ಮಾಡುವುದು? ನಾದಿನಿಯ ಹಳೆಯ ವೀಣೆಯ ತಂತಿ ಕಣ್ಣಿಗೆ ಬಿತ್ತು. ಅಳೆದರೆ 0.3 ಮಿಲಿಮೀಟರ್, 87ರಿಂದ ಗುಣಿಸಿದರೆ ಎರಡೂವರೆ ಸೆಂಟಿಮೀಟರ್ ದಪ್ಪದ ಕಂಬಿ. ಅದು ಕೈದಿಗಳ ಬೋಗಿಗಾದರೆ ಸರಿ. ತಲೆಗೂದಲು ತೀರಾ ತೆಳುವಾಯಿತು, ಮೇಲಾಗಿ ನನ್ನ ತಲೆಯಲ್ಲಿ ಅಷ್ಟು ದಾಸ್ತಾನಿಲ್ಲ. ಕಡೆಗೆ ಒದಗಿದ್ದು ಮೀನು ಹಿಡಿಯುವ ಗಾಳದ ನೈಲಾನು, 0.15ರದ್ದು. ಅಪ್ಪಟ ಸಸ್ಯಾಹಾರಿಯಾದ ನಾನು ಗಾಳದ ಅಂಗಡಿಯಲ್ಲಿ ‘ಎಲ್ಲಕ್ಕಿಂತ ತೆಳ್ಳಗಿನದು ಕೊಡಿ’ ಎಂದಾಗ ಅಂಗಡಿಯವನು ಯಾವ ಕೆರೆ, ಯಾವ ಮೀನು ಎಂದು ಕೇಳಿದ. ರೈಲಿಗೆ ಎಂದೆ. ಚಿಲ್ಲರೆಯನ್ನು ಬೇಗ ಕೊಟ್ಟ.

ಶೌಚಾಲಯದ ಕಿಟಕಿಗೆ ಮಸುಕು ಗಾಜು ಹಾಕುವಾಗ ನಾನು ಸ್ವಲ್ಪ ಭಕ್ತಿಯಿಂದಲೇ ಕೂತೆ. ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಮಹನೀಯರು 1909ರಲ್ಲಿ ಹಲಸಿನ ಹಣ್ಣು ಹೊಟ್ಟೆ ತುಂಬ ತಿಂದು, ನಡುವೆ ನಿಲ್ದಾಣದಲ್ಲಿ ಇಳಿದು ಕೂತಿದ್ದಾಗ ಗಾರ್ಡು ಸೀಟಿ ಊದಿದ್ದರಿಂದ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ ಬಿದ್ದು, ರೈಲ್ವೆಗೆ ಬರೆದ ದೂರಿನಿಂದಲೇ ಕೆಳದರ್ಜೆಯ ಬೋಗಿಗಳಿಗೆ ಶೌಚಾಲಯ ಬಂತು ಎಂದು ಹೇಳುತ್ತಾರೆ. ಅವರ ಇಂಗ್ಲಿಷಿಗೆ ನಕ್ಕವರೇ ಹೆಚ್ಚು. ನಮ್ಮ ನೂರು ಮನವಿಪತ್ರಗಳು ಮಾಡದ ಕೆಲಸವನ್ನು ಆ ಕೆಟ್ಟ ಇಂಗ್ಲಿಷ್ ಮಾಡಿತಲ್ಲ, ಅದಕ್ಕೆ ನಗುವುದು ಯಾಕೋ.

ಬಣ್ಣದ ವಿಷಯಕ್ಕೆ ಬಂದರೆ ಸಂಶೋಧನೆಯೆಲ್ಲ ನೀರುಪಾಲು. ಆ ಕಾಲದ ಫೋಟೋಗಳು ಕಪ್ಪು ಬಿಳುಪು. ಬಣ್ಣದವು ಮಾಸಿ ಎಲ್ಲವೂ ಕಿತ್ತಳೆ. ಕೊನೆಗೆ ಪಕ್ಕದ ಮನೆಯವರನ್ನು ಕರೆದೆ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಹೊಟ್ಟೆಯಡಿಯಲ್ಲೇ ಮಲಗಿ ಎದ್ದು ನಿವೃತ್ತರಾದ ಫಿಟ್ಟರು. “ಬರ್ಕೊಳಿ, ಕುಂಕುಮಕ್ಕಿಂತ ಒಂದು ಕೈ ಗಾಢ, ಬೀಟ್ರೂಟ್ ಸಾರಿಗಿಂತ ಒಂದು ಚೂರು ತಿಳಿ” ಎಂದರು. ಯಾವ ಬಣ್ಣದ ಪಟ್ಟಿಯಲ್ಲೂ ಇಷ್ಟು ಖಚಿತವಾದ ವಿವರಣೆ ನಾನು ಕಂಡಿಲ್ಲ.

ಬಣ್ಣ ಒಣಗಿದ ಮೇಲೆ ಅದನ್ನು ಕೆಡಿಸುವುದು ನಿಜವಾದ ಕಲೆ. ಚಕ್ರದ ಸುತ್ತ ಬ್ರೇಕಿನ ಕಂದು ಪುಡಿ, ಶೌಚಾಲಯದ ಕೆಳಗೆ ತುಕ್ಕು. ಈ ಬೋಗಿಗಳು ಅಲ್ಲಿಂದಲೇ ತಿನ್ನಿಸಿಕೊಳ್ಳುತ್ತಿದ್ದವು ಎಂದು ಫಿಟ್ಟರೂ ಸಹಿ ಹಾಕಿದರು. ಕಿಟಕಿಯಡಿಯಲ್ಲಿ, ಗಾಳಿಗೆ ಹಿಂದಕ್ಕೆ ಎಳೆದುಕೊಂಡು ಹೋದ ಎಲೆಅಡಿಕೆಯ ಉಗುಳು. ರೈಲು ಯಾವ ದಿಕ್ಕಿಗೆ ಓಡುತ್ತದೆಂದು ಮೊದಲೇ ತೀರ್ಮಾನಿಸದೆ ಇದನ್ನು ಬಳಿಯುವಂತಿಲ್ಲ. ಅತಿ ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಸ್ವಿಸ್ ಬೋಗಿಯ ಮೇಲೆ ನಾನು ತಾಂಬೂಲ ಉಗುಳುತ್ತಿದ್ದೆ. ನೋಡಲು ಬಂದ ಅತ್ತೆ ಬೇಗನೆ ಊರಿಗೆ ಹೊರಟರು.

ಪ್ರಯಾಣಿಕರು ಜರ್ಮನಿಯ ಪ್ರೈಸರ್ ಕಂಪನಿಯವರು. ಎರಡು ಸೆಂಟಿಮೀಟರ್ ಎತ್ತರದ ಕೋಟು ಟೋಪಿಯ ಮಂದಿ. ಟೋಪಿ ಕೆತ್ತಿ ಪೇಟ ಮಾಡಿದೆ. ಹೆಂಗಸರಿಗೆ ಟಿಶ್ಯೂ ಕಾಗದವನ್ನು ತೆಳು ಗೋಂದಿನಲ್ಲಿ ಅದ್ದಿ ಸೀರೆ ಉಡಿಸಿದೆ. ಆದರೂ ಸೀಟಿನಲ್ಲಿ ಕೂರಿಸಿದರೆ ಮೊಣಕಾಲು ಎದುರಿನವರ ಹೊಟ್ಟೆಗೆ ತಾಗುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡಿರುವ ಪರಿಹಾರ ಒಂದೇ: ಕಾಲು ಕತ್ತರಿಸುವುದು. ಕಿಟಕಿಯಿಂದ ಕಾಲು ಯಾರಿಗೆ ಕಾಣುತ್ತದೆ? ಮೂರನೇ ದರ್ಜೆಯಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದುದನ್ನು ನಾನು ಅಕ್ಷರಶಃ ಪಾಲಿಸಿದೆ.

ಬೋಗಿ ಮುಗಿದ ದಿನ ಫಿಟ್ಟರು ಕನ್ನಡಕ ಏರಿಸಿ, ಅದನ್ನು ಅಂಗಾತ ಮಾಡಿ ನೋಡಿದರು. “ಪೆರಂಬೂರಿಂದು ಸರಿ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನೋರೂ ಕಟ್ತಿದ್ರಲ್ಲ, ಅದು?” ಎಂದು ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದರು. ನಿಜ. 1964ರಲ್ಲಿ ಬಿಇಎಂಎಲ್ ಹುಟ್ಟಿ ಆ ಕೆಲಸ ವಹಿಸಿಕೊಳ್ಳುವ ತನಕ ವಿಮಾನ ಕಟ್ಟುವವರೇ ಬೋಗಿಯನ್ನೂ ಕಟ್ಟುತ್ತಿದ್ದರು. ಅದನ್ನೂ ಮಾಡುತ್ತೇನೆ ಎಂದೆ. ಅವರು ಇನ್ನೂ ಅಡಿಯನ್ನೇ ನೋಡುತ್ತಿದ್ದರು.

“ಡೈನಮೋಗೆ ಬೆಲ್ಟೇ ಇಲ್ವಲ್ಲ. ಲೈಟ್ ಹೆಂಗುರೀತದೆ?”

ಬೋಗಿಯ ಅಡಿಯ ಪೆಟ್ಟಿಗೆಗಳನ್ನೇ ಎಣಿಸಿ ಜೋಡಿಸಿದ್ದೆ; ಅಚ್ಚಿನಿಂದ ಡೈನಮೋಗೆ ಹೋಗುವ ಪಟ್ಟಿಯ ಗೊಡವೆಗೆ ಹೋಗಿರಲಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಅವರೇ ಕೈ ಬೀಸಿದರು. “ಬಿಡಿ, ಯಾರೋ ಕದ್ದಿದಾರೆ. ಆಗೆಲ್ಲ ಮಾಮೂಲಿ.” ಬಿಟ್ಟುಹೋದದ್ದೂ ಚರಿತ್ರೆಗೆ ಸರಿಹೊಂದುವ ಇಂಥ ದೇಶ ಮಾಡೆಲ್ ಕಟ್ಟುವವನಿಗೆ ಇನ್ನೆಲ್ಲಿ ಸಿಕ್ಕೀತು!

ಹೋಗುತ್ತಾ ಬಾಗಿಲಲ್ಲಿ ಇನ್ನೊಂದು ಹುಳ ಬಿಟ್ಟರು. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆಯಲ್ಲ, ಊಟದ ಮನೆ, ಅಡುಗೆಮನೆ ಎಲ್ಲ ಇರುವುದು, ಅದನ್ನು ಮಾಡಬಾರದೇ ಎಂದು. ಒಳಗಿನಿಂದ ಮನೆಯವಳ ದನಿ ಬಂತು: “ಮಾಡಲಿ. ಅದರ ಅಡುಗೆಮನೆ ಮೊದಲು ಮುಗಿಸಲಿ. ಅಲ್ಲೇ ಸಾರು ಕುದಿಸಿಕೊಳ್ಳೋಣ; ಇಲ್ಲಿ ಮೇಜು ಖಾಲಿ ಇಲ್ಲ.”